ಪರದೆ ಕಪ್ಪಾಗುವ ಮುನ್ನ

ಪಕ್ಕದವರ ಕಣ್ಣು ಕಟ್ಟುವುದರಲ್ಲಿ ಅವನನ್ನು ಮೀರಿಸುವವನು ಏಳು ಸಮುದ್ರದಾಚೆಗೂ ಇರಲಿಲ್ಲ. ಅವನು ನೋಟದ ಕೋನ ಹೊಂದಿಸಿದ ಕಂಪ್ಯೂಟರ್ ಪರದೆ ಎದುರು ಕೂತವರಿಗೆ ಹಾಡುಹಗಲು; ಪಕ್ಕದಲ್ಲಿ ಕೂತವರಿಗೆ ಅಮಾವಾಸ್ಯೆ. ನೊಣವೊಂದು ಓರೆಯಿಂದ ಇಣುಕಿದರೂ ದಾರಿ ಕಾಣದೆ ಗೋಡೆಗೆ ಬಡಿದುಕೊಂಡು ಸಾಯಬೇಕು. ಜನ ಅವನನ್ನು ಕರೆಯುತ್ತಿದ್ದುದೇ ವಾರೆನೋಟ ಎಂದು. ಈ ಆಸ್ಪತ್ರೆಯ ಪರದೆಗಳೆಲ್ಲ ಅವನ ಕೈಯವೇ.

ಇವತ್ತು ಅವನು ಬಂದದ್ದು ಅಕ್ಕನ ಜೊತೆ, ಅವಳ ಸ್ಕ್ಯಾನ್ ಏನು ಹೇಳಿದೆ ಎಂದು ಕೇಳಲು. ಬೆಳಿಗ್ಗೆಯೇ ಡಾಕ್ಟರಿಗೆ ಫೋನಿನಲ್ಲಿ ಕೈಮುಗಿದಿದ್ದ: “ಏನೇ ಇರ್ಲಿ, ಮೊದ್ಲು ನಂಗೆ ಹೇಳಿ. ಅವಳಿಗೆ ನಾನೇ ನಿಧಾನಕ್ಕೆ ಹೇಳ್ತೀನಿ.”

ಇಬ್ಬರೂ ಮೇಜಿನ ಪಕ್ಕ ಕೂತರು. ಪರದೆ ಮಲಗಿತ್ತು.

“ಕಪ್ಪಗಿದೆಯಲ್ಲೋ. ಕೆಟ್ಟಿದೆಯಾ?”

“ನಾ ಮಾಡಿದ್ದು ಕೆಡೋದಾ? ಈ ಕುರ್ಚೀಲಿ ಬ್ರಹ್ಮ ಬಂದು ಕೂತ್ರೂ ತಾನು ಬರೆದದ್ದು ತಾನೇ ಓದಕ್ಕಾಗಲ್ಲ ಅಕ್ಕಾ.”

“ಬೊಗಳೆಗೇನೂ ಕಮ್ಮಿ ಇಲ್ಲ.”

ಡಾಕ್ಟರು ಬಂದು ಕೂತು ಮೌಸ್ ಮುಟ್ಟಿದರು. ಆಗ ಅವನಿಗೆ ನೆನಪಾಯಿತು. ಎಚ್ಚರವಾದ ಪರದೆ ಮೊದಲು ಎಲ್ಲ ಬದಿಗೂ ತೆರೆದುಕೊಂಡು, ಮೂರು ಸೆಕೆಂಡಿನ ಮೇಲೆ ನೋಟದ ಕೋನ ಕಿರಿದಾಗುವಂತೆ ಬಿಟ್ಟಿದ್ದ. ಪರದೆಯಲ್ಲಿ ಮಚ್ಚೆಗಿಚ್ಚೆ ಇದೆಯೇ ಎಂದು ನಿಂತಲ್ಲಿಂದಲೇ ನೋಡಿಕೊಳ್ಳುವ ಕಸುಬಿನ ಸೋಮಾರಿತನ ಅದು. ಕೆಲಸ ಮುಗಿದ ಮೇಲೆ ತೆಗೆಯಲು ಮರೆತಿದ್ದ, ಒಂದೊಂದು ಕೋಣೆಯಲ್ಲೂ.

ಅವನು ಏಳುವಷ್ಟರಲ್ಲಿ ಮೂರು ಯುಗ ಕಳೆದವು. ಅಕ್ಕ ಓದಿದಳು. ಅವನೂ ಓದಿದ. ಗಡ್ಡೆ ಯಕೃತ್ತಿಗೂ ಹರಡಿದೆ ಎಂದಿತ್ತು. ಆಮೇಲೆ ಕಪ್ಪಾಯಿತು.

“ಸ್ವಲ್ಪ ಊತ ಇದೆ ಅಮ್ಮ. ಇನ್ನೊಂದೆರಡು ಪರೀಕ್ಷೆ ಮಾಡ್ಸೋಣ,” ಎಂದರು ಡಾಕ್ಟರು, ಕೊಟ್ಟ ಮಾತಿಗೆ ತಪ್ಪದೆ.

“ಆಯ್ತು ಡಾಕ್ಟ್ರೇ.”

ಹೊರಗೆ ಬೆಂಚಿನ ಮೇಲೆ ಅಕ್ಕ ಕೈಚೀಲದ ಜಿಪ್ ಎಳೆದಳು, ತೆರೆದಳು, ಮತ್ತೆ ಎಳೆದಳು.

“ನಿಂಗೆ ಮೊದ್ಲೇ ಗೊತ್ತಿತ್ತಾ?”

“ಇಲ್ಲ. ಈಗ್ಲೇ.”

“ಹಂಗಾದ್ರೆ ಒಟ್ಟಿಗೇ ನೋಡಿದ್ವಿ, ಬಿಡು.” ಮುಂದಿನ ರೋಗಿಯ ಹೆಸರು ಕೂಗಿದರು. “ಏಳೋ. ಅವ್ರು ಕೂರೋಕೆ ಮುಂಚೆ ಅದನ್ನ ಸರಿಮಾಡು.”

ಅವನು ಬಾಗಿಲಲ್ಲಿ ಆ ರೋಗಿಯನ್ನು ತಡೆದು ಒಳಗೆ ಹೋದ. ಮೂರನ್ನು ಸೊನ್ನೆ ಮಾಡಿದ. ಪರದೆಯನ್ನು ಮಲಗಿಸಿ ಎಬ್ಬಿಸಿ, ಅಕ್ಕನ ಕುರ್ಚಿಯಲ್ಲಿ ಕೂತು ನೋಡಿದ. ಕುರ್ಚಿ ಇನ್ನೂ ಬೆಚ್ಚಗಿತ್ತು. ಏನೂ ಕಾಣಲಿಲ್ಲ. ಮತ್ತೊಮ್ಮೆ ಎಬ್ಬಿಸಿದ. ಏನೂ ಕಾಣಲಿಲ್ಲ.

“ಸರಿ ಹೋಯ್ತೇನಪ್ಪ?” ಎಂದರು ಡಾಕ್ಟರು.

“ಆಯ್ತು ಸಾರ್,” ಎಂದು ಅವನು ಪಕ್ಕದ ಕೋಣೆಯ ಬಾಗಿಲು ತಟ್ಟಲು ಹೊರಟ.