ಮಾಧವನಗರದ ಶೆಡ್ಡು

೨೦೧೯ರ ಮಹಾಪೂರ ಇಳಿದ ಮೇಲೆ, ಸಾಂಗಲಿಯ ಹೊಳೆಯ ಕಡೆಯ ಓಣಿಯಲ್ಲಿದ್ದ ತಮ್ಮ ಅರಿಷಿಣದ ಗೋದಾಮನ್ನು ಮಾಧವನಗರಕ್ಕೆ ಸಾಗಿಸೋಣವೆಂದು ಮೊದಲು ಅಂದವನು ವ್ಯಾಪಾರಿ ಸಿದ್ದಪ್ಪನೇ. ಅಲ್ಲಿ ಎತ್ತರದ ಜಾಗದಲ್ಲಿ ಧೋಂಡಪ್ಪನ ಹಳೆಯ ಮಿಲ್ಲಿನ ಶೆಡ್ಡು ಖಾಲಿ ಇತ್ತು. ಹೆಂಡತಿ ನೀಲಾಬಾಯಿ ಅಂದೇ ತಯಾರಾದಳು. ಆದರೆ ದೀಪಾವಳಿ ಬಂತು, ಸುಗ್ಗಿ ಬಂತು, ಲಾಕ್‌ಡೌನ್ ಬಂತು. ೨೦೨೧ರಲ್ಲಿ ನೀರು ಮತ್ತೆ ಹೊಸ್ತಿಲು ದಾಟಿತು. ಗೋಡೆಗೆ ಸುಣ್ಣ ಬಳಿಸಿ ಸಿದ್ದಪ್ಪ ಅಲ್ಲೇ ಮತ್ತೆ ವ್ಯಾಪಾರದ ಗಾದಿ ಹಾಸಿದ.

ಈ ವರ್ಷ ಮೇ ತಿಂಗಳಲ್ಲೇ ಮಳೆ ಹಿಡಿಯಿತು. ಗೋದಾಮಿನಲ್ಲಿ ಆರಗ ಹಳ್ಳಿಯ ರೈತ ಬಾಬಾಸಾಹೇಬನ ಅರಿಷಿಣವಿತ್ತು. ದರ ಏರಲೆಂದು ಇವರನ್ನು ನಂಬಿ ಇಟ್ಟಿದ್ದ.

"ಮಂದಿ ಮಾಲು ಐತ್ರಿ. ಈ ಸಲರೆ ಸಾಗಸ್ರಿ," ಎಂದಳು ನೀಲಾಬಾಯಿ.

"ಹೊಳಿ ಬ್ರಿಜ್ಜಿನ ಮ್ಯಾಲ ನಿಂತು ನೋಡಿ ಬಂದೇನಿ. ನೀರು ಇನ್ನೂ ಭಾಳ ಕೆಳಗ ಐತಿ."

"ಹೋದ ಸಲಾನೂ ಇದ ಅಂದ್ರಿ! ಮಳಿ ಮೊದಲಿನಂಗ ಉಳದಿಲ್ಲ. ತಿಂಗಳದ ಮಳಿ ಒಂದ ದಿನಕ್ಕ ಬೀಳಾಕತ್ತೈತಿ."

"ಗಣಪತಿ ಹಬ್ಬ ಆಗ್ಲಿ, ನೋಡೂಣು."

ಅವಳು ತಾನೇ ಧೋಂಡಪ್ಪನಿಗೆ ಫೋನ್ ಮಾಡಿದಳು.

"ನಿಮ್ಮ ದಾರಿ ಭಾಳ ಕಾದೆ ವೈನಿ," ಎಂದ ಆತ. "ಶೆಡ್ಡು ಯುಗಾದಿಗೆ ಬ್ಯಾರೆಯವರಿಗೆ ಕೊಟ್ಟಬಿಟ್ಟೇನಿ."

ಹಬ್ಬಕ್ಕೆ ಮುಂಚೆಯೇ ಹೊಳೆ ಉಕ್ಕಿತು. ಊರಿಗೆಲ್ಲ ಅಂದೇ ಟೆಂಪೋ ಬೇಕಾಗಿತ್ತು. ಕಾಡಿ ಬೇಡಿ ನೀಲಾಬಾಯಿ ಒಂದನ್ನು ತರಿಸಿದಳು. ಅರ್ಧದಷ್ಟು ಚೀಲಗಳನ್ನು ಏರಿಸುವಷ್ಟರಲ್ಲಿ ಗಾಲಿ ಮುಳುಗತೊಡಗಿ, ಡ್ರೈವರ್ ಗಾಡಿ ಹೊರಡಿಸಿದ. ಬಂದಷ್ಟನ್ನು ವಿಶ್ರಾಮಬಾಗದ ತಮ್ಮ ಮನೆಯ ಪಡಸಾಲೆಯಲ್ಲಿ ಒಟ್ಟಿಸಿದಳು.

ನೀರು ಇಳಿದ ಮೇಲೆ ಬಾಬಾಸಾಹೇಬ ಬಂದ. ಗೋದಾಮಿನಲ್ಲಿ ಉಳಿದಿದ್ದ ಒಂದು ಚೀಲ ಬಿಚ್ಚಿ, ಅರಿಷಿಣದ ಕೊಂಬೊಂದನ್ನು ಹಿಚುಕಿದ. ಅದು ಮೆತ್ತಗಾಗಿ ನಾರುತ್ತಿತ್ತು.

"ಏನ ಮಾಡೂದ್ರಿ ಬಾಬಾಸಾಹೇಬ್ರ," ಎಂದ ಸಿದ್ದಪ್ಪ. "ನಿಸರ್ಗದ ಆಟ. ನಮ್ಮ ಕೈಯಾಗ ಏನೈತಿ?"

ನೀಲಾಬಾಯಿಗೆ ತಡೆಯಲಾಗಲಿಲ್ಲ. "ಇಷ್ಟು ವರ್ಷ ನಮ್ಮ ಕೈಯಾಗ ಇತ್ತಲ್ರಿ! ಶೆಡ್ಡು ಇತ್ತು, ಬ್ಯಾಸಗಿ ಇತ್ತು, ಟೆಂಪೋ ಇದ್ವು. ನಿಮಗ ಪುರಸತ್ತ ಇರಲಿಲ್ಲ!"

ಬಾಬಾಸಾಹೇಬ ಕೈ ಒರೆಸಿಕೊಂಡ. "ಉಳದದ್ದು ಎಲ್ಲೈತ್ರಿ, ಅಕ್ಕಾರ?"

ಪಡಸಾಲೆಯ ಚೀಲಗಳನ್ನು ಅವನು ಹೇರಿಕೊಂಡು ಹೋದ. ಚಹಾ ಮುಟ್ಟಲಿಲ್ಲ. ಮತ್ತೆ ಬರುತ್ತೇನೆಂದೂ ಅನ್ನಲಿಲ್ಲ.

ಅಂದು ಮಧ್ಯಾಹ್ನವೇ ನೀಲಾಬಾಯಿ ಒಬ್ಬಳೇ ಮಾಧವನಗರದ ಆಟೋ ಹತ್ತಿದಳು. ಮಹಾಪೂರ ಕಂಡವರೆಲ್ಲ ಈಗ ಶೆಡ್ಡು ಹುಡುಕಿಕೊಂಡು ಅಲ್ಲಿಗೇ ಓಡಿ ಬಂದಿದ್ದರು. ಸಂಜೆವರೆಗೆ ಅಲೆದ ಮೇಲೆ, ತಗಡು ತೂತುಬಿದ್ದ ಒಂದು ಇಕ್ಕಟ್ಟಾದ ಶೆಡ್ಡು ಸಿಕ್ಕಿತು. ಗಂಡನನ್ನು ಕೇಳದೆಯೇ ಅವಳು ಬಾಡಿಗೆಗೆ ಹೂಂ ಅಂದಳು.