ಮಣ್ಣಲ್ಲಿ ಕರಗದ ಚೀಲ

ಗುರುಶಿದ್ದಪ್ಪನವರು ಬಂದವರು ಕೂಡಲೂ ಇಲ್ಲ.

"ಗೌರಕ್ಕಾ, ನೀ ಕೊಟ್ಟ ಲಿಂಬಿ ಸಸಿ ಒಂದೂ ಏಳವಲ್ದು. ಬಾವಿ ಬದಿ ಜಾಗಾ ನಿನಗ ಕೊಟ್ಟಿದ್ದು ಇದಕ್ಕೇನು? ಬರೂ ಮಳಿಗಾಲ ಮುಗಿಯೂದ್ರಾಗ ಬಿಡು."

ಕೆಲಗೇರಿಯ ಆ ಬಾವಿಯ ದಂಡೆ ಬಿಟ್ಟರೆ ಸಸಿ ಬೆಳೆಸಲು ನನಗೆ ನೀರಿರುವ ಬೇರೆ ನೆಲವಿರಲಿಲ್ಲ. ಮಕ್ಕಳ ಊಟ, ಶಾಲೆ ಎಲ್ಲ ನಡೆಯುತ್ತಿದ್ದುದು ಅದರಿಂದಲೇ.

"ಬಿಡೂದಿಲ್ರಿ ಸಾವಕಾರ್ರ. ಮೊದಲ ಹೊಲಾ ತೋರಸ್ರಿ."

"ಬಾಯಿ ಮಾತ್ರ ಛಲೋ ಬೆಳದೈತಿ ನಿಂದು!" ಎಂದರು. ಆದರೂ ಕರೆದೊಯ್ದರು.

ಉಣಕಲ್ಲಿನ ಅವರ ಹೊಲದಲ್ಲಿ ಹಿಂದಿನ ವರ್ಷ ನೆಟ್ಟ ಸಸಿಗಳು ಮೊಣಕಾಲೆತ್ತರದಲ್ಲೇ ನಿಂತಿದ್ದವು. ಒಂದನ್ನು ಅಗೆದೆ. ಬೇರಿನ ಸುತ್ತ ನನ್ನದೇ ಪ್ಲಾಸ್ಟಿಕ್ ಚೀಲ, ಹೊಸದರಷ್ಟೇ ಗಟ್ಟಿ. ಒಳಗೆ ಬೇರುಗಳು ಸಿಂಬಿಯಂತೆ ಸುತ್ತಿಕೊಂಡಿದ್ದವು.

ನೆಟ್ಟ ಆಳುಗಳಲ್ಲಿ ಹಿರಿಯಳಾದ ಸತ್ಯವ್ವನನ್ನು ಕೇಳಿದೆ. "ಚೀಲ ಹರೀಲಿಲ್ಲೇನ ಸತ್ಯವ್ವಾ?"

"ಯಾಕ ಹರೀಬೇಕ ಯವ್ವಾ? ಮುತ್ತಲ ಎಲಿ ದೊನ್ನ್ಯಾಗ ಸಸಿ ಕೊಡತಿದ್ದಾಗ ದೊನ್ನಿ ಸಮೇತ ನೆಡತಿದ್ವಿ. ಇದೂ ಮಣ್ಣಾಗ ಮಣ್ಣಾಗತೈತಿ ಅಂದ್ಕೊಂಡ್ವಿ."

ಹರಿದು ನೆಡಬೇಕೆಂದು ನಾನು ಹೇಳಿದ್ದು ಸಸಿ ಒಯ್ದ ಗಾಡಿಯವನಿಗೆ, ನೆಟ್ಟವರು ಇವರು. ಮತ್ತೆ ದೊನ್ನೆಗೆ ಹೋಗೋಣವೆಂದರೆ, ಸಸಿ ಬಲಿಯುವ ಮೊದಲೇ ಅದು ಸಸಿಮಡಿಯಲ್ಲೇ ಕೊಳೆಯುತ್ತಿತ್ತು. ಚೀಲ ತಂದದ್ದೇ ಅದಕ್ಕಾಗಿ. ಸಂಜೆಯವರೆಗೆ ನಾನೂ ಸತ್ಯವ್ವನೂ ಪ್ರತಿ ಬುಡ ಬಿಡಿಸಿ, ಚೀಲ ಸೀಳಿ ತೆಗೆದು, ಸುತ್ತಿದ ಬೇರು ಕತ್ತರಿಸಿ ಮಣ್ಣು ಮುಚ್ಚಿದೆವು. ಕೆಲವು ಉಳಿಯುವಂತಿರಲಿಲ್ಲ.

ಮಣ್ಣಲ್ಲಿ ಕರಗುವಂಥದ್ದು ಏನಾದರೂ ಸಿಕ್ಕೀತೇ ಎಂದು ಹುಡುಕತೊಡಗಿದೆ. ಮಾಳಮಡ್ಡಿಯಲ್ಲಿ ಮದುವೆಯ ಹಾರ ಕಟ್ಟುವ ಲಾಲಬಿ, ಹಾರಕ್ಕೆ ಸುತ್ತಲು ಸೆಲೋಫೇನ್ ಕಾಗದ ಇಟ್ಟಿದ್ದಳು. ನೋಡಲು ಪ್ಲಾಸ್ಟಿಕ್ಕಿನಂತೆಯೇ ಹೊಳಪು.

"ಇದನ್ನ ಕಟ್ಟಿಗಿ ತಿರುಳಿಂದ ಮಾಡ್ತಾರಂತ ಅಕ್ಕಾ. ನೀರ ಬಿದ್ರ ಮೆತ್ತಗಾಗಿ ಹಾರದ ಮಾನಾ ಕಳೀತೈತಿ."

"ಕಳೀಲಿ. ನನಗ ಅದ ಬೇಕು."

"ಸಸಿಗೋಳ ಮದವಿ ಮಾಡಾಕತ್ತಿಯೇನ?"

ಎರಡರ ಚೂರನ್ನೂ ಸುಟ್ಟು ನೋಡಿದೆ. ಪ್ಲಾಸ್ಟಿಕ್ ಕರಗಿ ತೊಟ್ಟಿಕ್ಕಿತು. ಸೆಲೋಫೇನ್ ಕಾಗದದಂತೆ ಬೂದಿಯಾಯಿತು. ಬಾವಿಯ ನೀರು ಹಾಯುವ ಕಡೆ ಎರಡರ ಇನ್ನೊಂದು ಚೂರನ್ನು ಹೂತೆ. ರೋಹಿಣಿ ಮಳೆಯ ಹೊತ್ತಿಗೆ ತೆಗೆದಾಗ ಪ್ಲಾಸ್ಟಿಕ್ ತೊಳೆದು ಬಳಸುವಂತಿತ್ತು. ಸೆಲೋಫೇನ್ ಚೂರುಚೂರಾಗಿ ಬೆರಳಿಗೆ ಅಂಟಿತು.

ಹಾಗಾದರೆ ಎರಡಕ್ಕೂ ಕೆಲಸವಿದೆ ಎಂದುಕೊಂಡೆ. ಮಡಿಯಲ್ಲಿ ಸಸಿ ಬೆಳೆಯಲು ಪ್ಲಾಸ್ಟಿಕ್ ಚೀಲವೇ ಇರಲಿ. ಕೊಡುವ ದಿನ ಚೀಲ ಬಿಚ್ಚಿ ನಾನೇ ಇಟ್ಟುಕೊಂಡು, ಬೇರಿನ ಮಣ್ಣಿಗೆ ಸೆಲೋಫೇನ್ ಸುತ್ತಿ ಬಾಳೆನಾರು ಕಟ್ಟಿಕೊಡುವುದು. ಇನ್ನು ಯಾರು ಹೇಗೆ ನೆಟ್ಟರೂ ನಡೆದೀತು.

ರೋಹಿಣಿಯ ಬೆನ್ನಿಗೇ ಬಂದ ಮಿರಗದ ಮಳೆಗೆ, ಸತ್ತ ಸಸಿಗಳ ಜಾಗದಲ್ಲಿ ಹಾಗೆ ಸುತ್ತಿದವನ್ನೇ ನೆಡಿಸಿದೆ. ಶ್ರಾವಣದಲ್ಲಿ ಗುರುಶಿದ್ದಪ್ಪನವರು ಗುದ್ದಲಿ ಹಿಡಿದು ತಾವೇ ಒಂದರ ಬುಡ ಕೆದರಿದರು. ಬಿಳಿ ಬೇರುಗಳು ಕುಣಿ ದಾಟಿ ಹೊರಗಿನ ಎರೆಮಣ್ಣಿಗೆ ಇಳಿದಿದ್ದವು. ಹೆಂಟೆಯೊಂದನ್ನು ಅಂಗೈಯಲ್ಲಿ ಪುಡಿ ಮಾಡಿ ಹುಡುಕಿದರು.

"ಕಾಗದ ಎಲ್ಲಿ ಹೋತು?"

"ನೀವು ಕೈಯಾಗ ಹಿಡಕೊಂಡೀರಲ್ರಿ."

ಕೈ ಝಾಡಿಸಿ, ಕೆದರಿದ ಬುಡಕ್ಕೆ ಮಣ್ಣು ಎಳೆದರು. "ಬಾವಿ ಬದಿ ಜಾಗಾ ನಿನ್ನ ಕೈಯಾಗ ಇರಲಿ. ಬರೂ ವರ್ಷ ಮಾವಿನ ಕಸಿ ಬೇಕು. ಇದ ಕಾಗದ ಸುತ್ತಿ ಕೊಡು."

"ಮಾವಿನ ಬೇರಿನ ಹೆಂಟಿ ಭಾರ ಇರತೈತ್ರಿ, ಎರಡ ಸುತ್ತ ಬೇಕಾದೀತು. ಎರಡ ಸುತ್ತ ಕೊಳೀತೈತೋ ಇಲ್ಲೋ, ಮೊದಲ ಹೂತು ನೋಡತೇನಿ. ಆಮ್ಯಾಲೆ ಹೂಂ ಅಂತೇನಿ."