ದಾರದಿಂದ ಕೊಯ್ದ ತತ್ತಿ

"ಮೊಟ್ಟೆ ಕೊಟ್ಟ ಊರುಗಳಿಗೂ ಕೊಡದ ಊರುಗಳಿಗೂ ಏನೂ ವ್ಯತ್ಯಾಸ ಕಂಡುಬಂದಿಲ್ಲ" ಅಂತ ಅಧ್ಯಯನ ನಡಸಿದ ಆ ಡಾಕ್ಟರು ಮೈಕಿನ್ಯಾಗ ಹೇಳಿದ ಕೂಡಲೇ ನನ್ನ ಮೈಯೆಲ್ಲಾ ಉರದು ಹೋತು. ಪಡದೆ ಮ್ಯಾಲ ಎರಡು ಗೆರಿ ತೋರಿಸಿದ್ರು. ಒಂದು ನಮ್ಮ ಗೋಕಾಕ, ಮೂಡಲಗಿ ಕಡಿದು, ಬಸರ ಹೆಣ್ಣಮಕ್ಕಳಿಗೆ ದಿನಾ ಒಂದು ಕುದಿಸಿದ ತತ್ತಿ ಕೊಟ್ಟ ಊರುಗಳ್ದು. ಇನ್ನೊಂದು ಹುಕ್ಕೇರಿ ಕಡಿದು, ತತ್ತಿ ಕೊಡದ ಊರುಗಳ್ದು. ಎರಡೂ ಗೆರಿ ಬಾಜೂ ಬಾಜೂ ಮಲಗಿದ್ವು. ಯಾರ ರಕ್ತಾನೂ ಏರಿಲ್ಲ ಅಂತ ಅದರ ಅರ್ಥ.

"ಹಾಗಾಗಿ ಸೋಮವಾರದಿಂದ ಮೊಟ್ಟೆ ನಿಲ್ಲಿಸುತ್ತೇವೆ. ನಿಮ್ಮೆಲ್ಲರ ಸಹಕಾರಕ್ಕೆ ಧನ್ಯವಾದ" ಅಂದ್ರು. ಹಿಂದ ಯಾರೋ ಚಪ್ಪಾಳಿ ಬ್ಯಾರೆ ಹೊಡದ್ರು. ಅಯ್ಯ ನಿಮ್ಮ, ಎದಕ್ಕ ಹೊಡಿತೀರವ್ವಾ ಚಪ್ಪಾಳಿ?

ನಾ ಸುಮನ. ಅಂಕಲಗ್ಯಾಗ ಹತ್ತೊಂಬತ್ತು ವರ್ಷದಿಂದ ಅಂಗನವಾಡಿ ನಡಸಾಕತ್ತೇನಿ. ನನ್ನ ಸಿಟ್ಟು ಮೂಗಿನ ತುದ್ಯಾಗ ಇರತೈತಿ ಅಂತ ಊರೆಲ್ಲಾ ಆಡಕೋತಾರ. ಆಡಕೊಳ್ಳಿ. ಅವತ್ತ ಗೋಕಾಕದ ಆ ಸಭಾದಾಗ ಅರವತ್ತು ಮಂದಿ ಅಂಗನವಾಡಿ ಕಾರ್ಯಕರ್ತೆಯರು ಕುಂತಿದ್ವಿ. ತತ್ತಿ ಎಲ್ಲಿ ಹೋದ್ವು ಅನ್ನೂದು ಅರವತ್ತು ಮಂದಿಗೂ ಗೊತ್ತಿತ್ತು. ಗೊತ್ತಿಲ್ಲದಾವ ಆ ಡಾಕ್ಟರ್ ಒಬ್ಬನ.

ನನ್ನ ಕಣ್ಣ ಮುಂದ ಮಾತ್ರ ಕಾಜಲ್ ಬಂದು ನಿಂತ್ಲು. ನಮ್ಮ ಓಣಿ ಮುದಕವ್ವನ ಸೊಸಿ, ಭೀಮಶಿ ಹೆಂಡ್ತಿ. ಎಂಟು ತಿಂಗಳ ಬಸರಿ. ಹೋದ ವಾರದ ಪರೀಕ್ಷಾದಾಗ ಆಕಿ ರಕ್ತ ಏಳು ಪಾಯಿಂಟ್. ಮೊದಲನೇ ಕೂಸು ನಂದಿನಿ ಹುಟ್ಟಿದಾಗ ರಕ್ತ ಹರದು ಹರದು, ಗೋಕಾಕದ ದವಾಖಾನ್ಯಾಗ ಎರಡು ಬಾಟಲಿ ರಕ್ತ ಏರಿಸಿ ಜೀವಾ ಉಳಿಸಿದ್ರು. ಈ ಸಲಾನೂ ಹಂಗ ಆದ್ರ ಉಳಿಯೂದು ಕಷ್ಟ ಅಂತ ನರ್ಸಬಾಯಿ ನನ್ನ ಕಿವ್ಯಾಗ ಹೇಳಿದ್ಲು. ಹೆರಿಗಿಗೆ ಇನ್ನ ಐದ ವಾರ ಇತ್ತು. ಇಂಥಾ ಹೊತ್ತಿನ್ಯಾಗ ತತ್ತಿ ನಿಲ್ಲಸತಾರಂತ!

ಆ ತತ್ತಿ ಹೆಂಗ ಕೊಡಬೇಕು ಅಂತ ಒಂದು ನಿಯಮ ಇತ್ತು. ಬಸರಿ ನಮ್ಮ ಕೇಂದ್ರಕ್ಕ ಬರಬೇಕು, ನಮ್ಮ ಕಣ್ಣ ಮುಂದ ತಿನ್ನಬೇಕು, ಆಮ್ಯಾಲ ನಾವು ಹಾಳಿ ಮ್ಯಾಲ ಟಿಕ್ ಹಾಕಬೇಕು. ಮೊದಲನೇ ದಿನ ಕಾಜಲ್ ತತ್ತಿ ಇಸಕೊಂಡು ಸೆರಗಿನ್ಯಾಗ ಮುಚಗೊಂಡ್ಲು.

"ಇಲ್ಲೇ ತಿನ್ನವಾ" ಅಂದೆ.

"ಮನ್ಯಾಗ ತಿಂತೇನ್ರಿ ಅಕ್ಕಾರ."

"ಮನ್ಯಾಗ ಯಾಕ? ಇಲ್ಲೇನು ಹುಲಿ ಕುಂತೈತೇನ?"

ಕಾಜಲ್ ತಲಿ ಎತ್ತಲಿಲ್ಲ. ಬಾಜೂಕ ನಂದಿನಿ ನಿಂತು ಸೆರಗ ನೋಡಾಕತ್ತಿತ್ತು. ಹೋಗಲಿ ಬಿಡ, ತತ್ತಿ ಎಲ್ಲಿ ತಿಂದ್ರೂ ಹೊಟ್ಟಿಗೇ ಹೋಗತೈತಿ ಅಂದಕೊಂಡು ಟಿಕ್ ಹಾಕಿದೆ. ನನ್ನ ಕೈ ಮುರೀಲಿ.

ವಾರ ಕಳದ ಮ್ಯಾಲ ಒಂದಿನ ಮಧ್ಯಾಹ್ನ ಆಕಿ ಮನಿಗೆ ಹೋದೆ. ಮುದಕವ್ವ ಅಡಗಿಮನಿ ಹೊಸ್ತಿಲದ ಮ್ಯಾಲ ಕುಂತಿದ್ಲು. ಹೊಲಿಯೂ ದಾರದ ಒಂದು ತುದಿ ಹಲ್ಲಾಗ ಹಿಡದು, ಇನ್ನೊಂದು ತುದಿ ಕೈಯಾಗ ಜಗ್ಗಿ, ತತ್ತಿ ಕೊಯ್ಯಾಕತ್ತಿದ್ಲು. ಚಾಕುದಿಂದ ಕೊಯ್ದ್ರ ಹಳದಿ ಪುಡಿ ಆಗತೈತಿ, ದಾರದಿಂದ ಕೊಯ್ದ್ರ ಪಾಲು ಸರಿ ಬರತೈತಿ. ಅರ್ಧ ಭೀಮಶಿಗೆ, ಅಂವ ಕಬ್ಬಿನ ಟ್ರ್ಯಾಕ್ಟರ್ ಹೊಡದು ಬರಾಂವ. ಉಳಿದ ಅರ್ಧದಾಗ ನಂದಿನಿಗೆ ಒಂದು ಚೂರು, ಮೈದುನನ ಮಗ ಸೂರಜಗ ಒಂದು ಚೂರು. ಕಾಜಲ್ ದಾರಕ್ಕ ಹತ್ತಿದ್ದ ಹಳದಿ ನೆಕ್ಕಿ, ದಾರ ತೊಳದು ಗೂಟಕ್ಕ ಹಾಕಿದ್ಲು. ನಾ ಬಾಗಲದಾಗ ನಿಂತು ನೋಡಿದೆ.

"ಮುದಕವ್ವಾ, ಇದು ಆಕಿ ತತ್ತಿ ಅಲ್ಲೇನ? ಆಕಿಗೆ ರಕ್ತ ಇಲ್ಲ!" ಅಂತ ಒದರಿದೆ.

"ಏನ ಸುಮನವ್ವಾ, ಹುಡುಗೋರು ಬಾಯಿ ನೋಡಕೋತ ಕುಂತಾಗ ಒಬ್ಬಾಕಿನ ಹೆಂಗ ತಿಂತಾಳ? ಕಣ್ಣ ಹತ್ತೂದಿಲ್ಲೇನ? ನಾ ಐದು ಹಡದೇನಿ, ನನಗ ಯಾರು ತತ್ತಿ ಕೊಟ್ಟಿದ್ರ?" ಅಂದ್ಲು ಮುದುಕಿ. ಹಟದಿಂದ ಅಂದ ಮಾತಲ್ಲ ಅದು. ಆಕಿಗೆ ಅದು ಅಷ್ಟು ಸರಳ ಇತ್ತು.

ಮರುದಿನ ನಾ ಟಿಕ್ ಹಾಕಲಿಲ್ಲ. ಸಂಜಿಗೆ ಮಯೂರಿ ಫೋನ್ ಮಾಡಿದ್ಲು. ಹುಕ್ಕೇರಿ ಹುಡಿಗಿ, ಜೈನರಾಕಿ, ಈ ಅಧ್ಯಯನದ ಹಾಳಿ ಎಲ್ಲಾ ಕೂಡಸೂ ಕೆಲಸ ಆಕಿದು. ತತ್ತಿ ಮುಟ್ಟದಾಕಿ ತತ್ತಿ ಎಣಸಾಕ ಬಂದಾಳ ನೋಡ್ರಿ ಅಂತ ನಾವು ಆಕಿನ್ನ ಕಾಡಸತಿದ್ವಿ, ಆಕಿನೂ ನಗತಿದ್ಲು. ಅವತ್ತ ಮಾತ್ರ ನಗಲಿಲ್ಲ.

"ಅಕ್ಕಾ, ನಿಮ್ಮ ಹಾಳ್ಯಾಗ ಒಂದು ಖಾಲಿ ಐತ್ರಿ. ಖಾಲಿ ಇದ್ರ ಮೊಬೈಲಿನ್ಯಾಗ ಲೆಕ್ಕಾ ತುಂಬೂದು ಮುಂದಕ್ಕ ಹೋಗೂದಿಲ್ಲ. ಹಾಕಿಬಿಡ್ರಿ. ಇಲ್ಲಂದ್ರ ನಿಮಗ ನೋಟಿಸ್ ಬರತೈತಿ, ನನಗೂ ಬೈತಾರ."

ಹಾಕಿದೆ. ದಿನಾ ಹಾಕಿದೆ. ನೂರಾಐವತ್ತು ದಿನ, ನೂರಾಐವತ್ತು ಟಿಕ್. ದಿನಾ ಕಾಜಲ್‌ನ ಬೈದೆ, ದಿನಾ ಆಕಿ ಸೆರಗಿನ್ಯಾಗ ತತ್ತಿ ಮುಚಗೊಂಡು ಹೋದ್ಲು. ಬೈದ್ರ ನನ್ನ ಕೆಲಸ ಮುಗೀತು ಅಂತ ತಿಳಕೊಂಡಿದ್ದೆ. ಈಗ ಸಭಾದಾಗ ಆ ಪಡದೆ ಮ್ಯಾಲ ಮಲಗಿದ ಗೆರಿ ನನ್ನ ಕೈಯಿಂದನ ಎಳದದ್ದು ಅನಿಸಿ ಕುಂತಲ್ಲೇ ಕುಂಡ್ರಾಕ ಆಗಲಿಲ್ಲ. ಎದ್ದು ನಿಂತೆ.

"ಸರ, ಆ ತತ್ತಿ ಬಸರ ಹೆಣ್ಣಮಕ್ಕಳ ಹೊಟ್ಟಿಗೆ ಹೋಗಿಲ್ರಿ."

ಮಯೂರಿ ಹಿಂದಿನಿಂದ ಸೆರಗ ಜಗ್ಗಿ "ಅಕ್ಕಾ, ಕುಂಡ್ರಿ" ಅಂದ್ಲು. ಕೊಸರಕೊಂಡೆ.

ಡಾಕ್ಟರು ಕನ್ನಡಕ ಸರಿ ಮಾಡಕೊಂಡ್ರು. "ಅಂಕಲಗಿ ಕೇಂದ್ರ ಅಲ್ವಾ? ನಿಮ್ಮಲ್ಲಿ ಒಂದು ದಿನವೂ ತಪ್ಪದೆ ತಿಂದಿದ್ದಾರೆ ಅಂತ ಇದೆಯಲ್ಲಮ್ಮ."

"ಸುಳ್ಳ ಟಿಕ್ ರಿ ಅವು. ನಾನ ಹಾಕಿದ್ದು. ಅರ್ಧ ಗಂಡ ತಿಂದಾನ, ಅರ್ಧ ಹುಡುಗೋರು ತಿಂದಾರ. ಬಸರಿ ದಾರ ನೆಕ್ಕ್ಯಾಳ. ದಾರ ನೆಕ್ಕಿದ್ರ ರಕ್ತ ಏರತೈತೇನ್ರಿ? ತತ್ತಿದು ಏನ ತಪ್ಪೈತಿ? ನಿಲ್ಲಸಬ್ಯಾಡ್ರಿ!"

ಡಾಕ್ಟರು ಸಿಟ್ಟಿಗೇಳಲಿಲ್ಲ. ಸಿಟ್ಟಿಗೆದ್ದಿದ್ರ ನನಗೂ ಜಗಳಾಡಾಕ ಛಲೋ ಇತ್ತು. ಭಾಳ ಸಮಾಧಾನದಿಂದ ಎಲ್ಲಾರ ಕಡೆ ನೋಡಿ, "ಬೇರೆ ಯಾರಾದರೂ ಹೀಗೆ ಮಾಡಿದ್ದೀರಾ?" ಅಂತ ಕೇಳಿದ್ರು.

ಐವತ್ತೊಂಬತ್ತು ಮಂದಿ ತಮ್ಮ ತಮ್ಮ ಸೀರಿ ಅಂಚು ನೋಡಾಕತ್ರು. ಅರಭಾವಿ ಮಾಲಾ, ನನ್ನ ಜೋಡಿ ಬಸ್ಸಿನ್ಯಾಗ ಬರೂವಾಗ "ನಮ್ಮೂರಾಗೂ ಹಂಗ ಐತಿ ಬಿಡವಾ" ಅಂದು ನಕ್ಕಾಕಿ, ಆಕಿನೂ ಕೈ ಎತ್ತಲಿಲ್ಲ. ಎಲ್ಲಾರಿಗೂ ನೋಟಿಸಿನ ಹೆದರಿಕಿ. ನನಗಿದ್ದಿಲ್ಲೇನ?

"ಸರಿ. ನಿಮ್ಮ ಕೇಂದ್ರವನ್ನು ಅಧ್ಯಯನದಿಂದ ಕೈಬಿಡುತ್ತೇವೆ. ಉಳಿದ ಐವತ್ತೊಂಬತ್ತು ಸರಿಯಾಗಿವೆ. ನೀವು ಯಾಕೆ ಹೀಗೆ ಮಾಡಿದಿರಿ ಅಂತ ಬರೆದು ಕೊಡಿ" ಅಂದ್ರು. ಚಾ ಬಂತು. ಸಭಾ ಎದ್ದಿತು.

ಬಸ್ಸಿನಿಂದ ಊರಾಗ ಇಳದಾಕಿ ಸೀದಾ ಕೇಂದ್ರಕ್ಕ ಹೋದೆ. ಟ್ರೇದಾಗ ಒಂದ ತತ್ತಿ ಉಳದಿತ್ತು. ಕುದಿಸಿ ಸುಲದು ಕೈಯಾಗ ಹಿಡಕೊಂಡು ಮುದಕವ್ವನ ಮನಿಗೆ ನಡದೆ. ಅಂಗಳದಾಗ ಮುದಕವ್ವ ಶೇಂಗಾ ಸುಲಿಯಾಕತ್ತಿದ್ಲು. ಕಾಜಲ್‌ನ ರಟ್ಟಿ ಹಿಡದು ಒಳಗಿನ ಖೋಲಿಗೆ ಕರಕೊಂಡು ಹೋಗಿ ಬಾಗಲಾ ಹಾಕಿದೆ.

"ತಿನ್ನು. ನೀ ಇದನ್ನ ನುಂಗೂತನಕಾ ನಾ ಅಲಗಾಡೂದಿಲ್ಲ."

ಆಕಿ ಗ್ವಾಡಿ ಕಡೆ ಮಾರಿ ಮಾಡಿ ಒಂದು ತುತ್ತು ಕಡದ್ಲು. ಹೊರಗ ನಂದಿನಿ ಬಾಗಲಾ ಬಡಿಯಾಕ ಸುರು ಮಾಡಿತು. "ಯವ್ವಾ, ನನಗ? ಯವ್ವಾ, ನನಗ?" ಕಾಜಲ್ ಬಾಯಾಗಿನ ತುತ್ತು ಅಗಿಯೂದ ನಿಲ್ಲಿಸಿದ್ಲು. ಕಣ್ಣಾಗ ನೀರ ಇಳದ್ವು. ತುತ್ತು ಅಲ್ಲೇ ಇತ್ತು.

"ನುಂಗ! ನೀ ಸತ್ತರ ಆ ಕೂಸಿಗೆ ಯಾರದಾರ? ನಿನ್ನ ಸಲುವಾಗಿ ನಾ ನೌಕರಿ ಹೋಗೂ ಹಂಗ ಮಾಡಕೊಂಡು ಬಂದೇನಿ, ಗೊತ್ತೈತೇನ?" ಅಂತ ಹರಿಹಾಯ್ದೆ.

ಕಾಜಲ್ ತಿರುಗಿದ್ಲು. ಆರು ತಿಂಗಳಾಗ ಮೊದಲನೇ ಸಲ ನನ್ನ ಮಾರಿ ನೋಡಿ ಮಾತಾಡಿದ್ಲು.

"ಬೈಯಾಕ ಬರತೀರಿ ಅಕ್ಕಾರ, ದಿನಾ ಬೈತೀರಿ. ಏನ ಮಾಡಿದ್ರ ತಿಂತಿ ಅಂತ ಒಂದಿನ ಕೇಳೀರೇನ್ರಿ? ಒಂದ ತತ್ತಿ ಕೊಟ್ಟ್ರ ಅದು ಈ ಮನ್ಯಾಗ ನಂದಾಗೂದಿಲ್ರಿ. ಹುಡುಗೋರ ಕೈಯಾಗ ಒಂದೊಂದು ಇಡ್ರಿ, ನನ್ನದು ನಾ ತಿಂತೇನಿ. ಅವರ ಬಾಯಿ ಆಡೂವಾಗ ನನ್ನ ಗಂಟಲಾ ಬಿಗಿಯೂದಿಲ್ಲ. ಹುಡುಗೋರಿಗೆ ಸಿಕ್ಕ್ರ ಅವರಪ್ಪನೂ ಪಾಲು ಕೇಳೂದಿಲ್ಲ."

"ನನಗ ಕೇಳಿದ್ರ ನಾನೂ ಇದನ್ನ ಹೇಳತಿದ್ದೆ" ಅಂತ ಹೊರಗಿಂದ ಮುದಕವ್ವನ ದನಿ ಬಂತು. "ಯಾರ ಕೇಳ್ಯಾರ?"

ಮಯೂರಿ ಹಂತ್ಯಾಕ ನಾಲ್ವತ್ತು ಪುಟದ ಪ್ರಶ್ನಿ ಇದ್ವು. ಎಮ್ಮಿ ಎಷ್ಟು, ಮನಿ ಹಂಚಿಂದೋ ಪತ್ರಾಸಿಂದೋ, ಕೈ ಸಾಬೂನ ಹಚ್ಚಿ ತೊಳಿತೀರೇನು, ಎಲ್ಲಾ ಕೇಳಿದ್ರು. ನೂರಾಐವತ್ತು ದಿನ ಆಕಿ ಎದುರಿಗೆ ಕುಂತಾಕಿ ನಾ. ಇದನ್ನ ನಾನೂ ಕೇಳಿರಲಿಲ್ಲ. ಚಿಲಕಾ ತಗದೆ. ನಂದಿನಿ ಓಡಿ ಬಂತು. ಉಳಿದ ತತ್ತಿ ಕಾಜಲ್ ಮಗಳ ಬಾಯಾಗ ಇಟ್ಟ್ಲು.

ಅವತ್ತ ಸಂಜಿಗೇ ಡಾಕ್ಟರಿಗೆ ಬರದೆ. ಯಾಕ ಸುಳ್ಳ ಹಾಕಿದೆ ಅನ್ನೂದು ಎರಡು ಸಾಲಿನ್ಯಾಗ ಮುಗಿಸಿ, ಕಾಜಲ್ ಅಂದದ್ದನ್ನ ಅಕ್ಷರಾ ಬಿಡದ ಬರದೆ. ಕೆಳಗ "ಒಂದು ಕೊಟ್ಟು ತಿನ್ನಲಿಲ್ಲ ಅನಬ್ಯಾಡ್ರಿ, ಮನ್ಯಾಗಿನ ಹುಡುಗೋರಿಗೂ ಕೊಟ್ಟು ನೋಡ್ರಿ, ಆಮ್ಯಾಲ ಗೆರಿ ಎಳೀರಿ" ಅಂತ ಬರದು ಸಹಿ ಮಾಡಿದೆ. ಉತ್ತರ ಇನ್ನೂ ಬಂದಿಲ್ಲ. ನನಗ ನೋಟಿಸ್ ಮಾತ್ರ ನಾಲ್ಕ ದಿನದಾಗ ಬಂತು.

ಸೋಮವಾರ ಕೇಂದ್ರಕ್ಕ ತತ್ತಿ ಬರಲಿಲ್ಲ. ನಮ್ಮ ಹಿತ್ತಲದ ಕೋಳಿ ಇಟ್ಟಿದ್ದ ಮೂರು ತತ್ತಿ ಕುದಿಸಿಕೊಂಡು ಹೋದೆ. ನಂದಿನಿ ಕೈಯಾಗ ಒಂದು, ಸೂರಜನ ಕೈಯಾಗ ಒಂದು ಇಟ್ಟೆ. ಇಬ್ಬರೂ ಗಲ್ಲಾ ಉಬ್ಬಿಸಿಕೊಂಡು ತಿನ್ನಾಕತ್ರು. ಮುದಕವ್ವ ದಾರ ತಗೀಲಿಲ್ಲ. ಕಾಜಲ್ ಹೊಸ್ತಿಲದ ಮ್ಯಾಲ ಕುಂತು, ಸೆರಗ ಮುಚ್ಚದ, ಒಂದು ಇಡೀ ತತ್ತಿ ನನ್ನ ಕಣ್ಣ ಮುಂದ ತಿಂದ್ಲು. ಟಿಕ್ ಹಾಕಾಕ ಹಾಳಿ ಇರಲಿಲ್ಲ, ಮಯೂರಿ ಎಲ್ಲಾ ಕಟ್ಟಿಕೊಂಡು ಹೋಗಿದ್ಲು.